30 ಮಂದಿಯ ವಿದ್ಯಾರ್ಥಿ ಕೂಟ: ಸೆಮಿಸ್ಟರ್ ಹೊಂದಿಸುವುದು ಹೇಗೆ, ಹೊಣೆ ದಾಟಿಸುವುದು ಯಾವಾಗ?

ಪಡೀಲ್ ಜಂಕ್ಷನ್ (ಪ್ರಶ್ನೆ)

ಕರ್ತನಲ್ಲಿ ವಂದನೆಗಳು. ಮಂಗಳೂರಿನ ಹೊರವಲಯದ ಒಂದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಎಂಜಿನಿಯರಿಂಗ್ ಕಾಲೇಜಿನ ಕ್ರೈಸ್ತ ವಿದ್ಯಾರ್ಥಿಗಳ ಕೂಟದ ಹೊಣೆ ಈ ವರ್ಷದಿಂದ ನನ್ನದು. ಸುಮಾರು 30 ಮಂದಿ. ಅರ್ಧದಷ್ಟು ಮಲಯಾಳಿಗಳು, ಉಳಿದವರಲ್ಲಿ ಕೊಂಕಣಿ ಕಥೋಲಿಕರು, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟೆಂಟ್ ಸಭೆಯ ತುಳು-ಕನ್ನಡ ಮಕ್ಕಳು, ಹಾವೇರಿ-ಗದಗ ಕಡೆಯ ನಾಲ್ಕೈದು ಜನ. ಶುಕ್ರವಾರ ಸಂಜೆ ಕಾಲೇಜಿನ ಹತ್ತಿರದ ಸಭಾಮಂದಿರದ ಹಾಲ್‌ನಲ್ಲಿ ಸೇರುತ್ತೇವೆ. ಕೂಟ ಸೆಪ್ಟೆಂಬರ್‌ನಲ್ಲಿ ತುಂಬಿರುತ್ತದೆ, ನವೆಂಬರ್‌ಗೆ ಹತ್ತು ಜನ. ಫೈನಲ್ ಇಯರ್‌ನವರು ಹೋದರೆ ಹಾಡಿಸುವವರೂ ಇಲ್ಲ, ಲೆಕ್ಕ ಇಡುವವರೂ ಇಲ್ಲ. ಯೋಜನೆ ಎಲ್ಲಿಂದ ಶುರು ಮಾಡಬೇಕು?

ಹಳೇ ಸ್ಟಾಫ್‌ವರ್ಕರ್

ಕಾಲೇಜಿನ ಕ್ಯಾಲೆಂಡರ್‌ನಿಂದ. ದರ್ಶನ, ಧ್ಯೇಯವಾಕ್ಯ ಎಲ್ಲ ಆಮೇಲೆ. ವಿಟಿಯು ದಿನಾಂಕಗಳು ವರ್ಷದಿಂದ ವರ್ಷಕ್ಕೆ ಜರುಗುತ್ತವೆ, ಹಾಗಾಗಿ ಕಳೆದ ವರ್ಷದ ಪಟ್ಟಿ ಉಪಯೋಗಕ್ಕೆ ಬಾರದು. ಈ ಸಲದ್ದನ್ನು ಪ್ರಿಂಟ್ ತೆಗೆದು ಕೆಂಪು ಪೆನ್ ಹಿಡಿಯಿರಿ.

ಸೆಮಿಸ್ಟರ್ 16 ವಾರ ಅಂತಿಟ್ಟುಕೊಳ್ಳಿ. ಎರಡು ಇಂಟರ್ನಲ್ಸ್‌ನ (ಸೆಮಿಸ್ಟರ್ ನಡುವಿನ ಕಾಲೇಜು ಪರೀಕ್ಷೆಗಳ) ವಾರಗಳು, ಅವುಗಳ ಹಿಂದಿನ ವಾರಗಳು ಸೇರಿ ನಾಲ್ಕು ಹೋಯಿತು. ದಸರಾಕ್ಕೆ ಒಂದು, ದೀಪಾವಳಿಗೆ ಒಂದು, ಕೊನೆಗೆ ಲ್ಯಾಬ್ ಪರೀಕ್ಷೆಗೆ ಒಂದು. ಉಳಿದದ್ದು ಒಂಬತ್ತು ಶುಕ್ರವಾರ. ನೀವು ಹದಿನಾರಕ್ಕೂ ಕಾರ್ಯಕ್ರಮ ಹಾಕಿದರೆ ನವೆಂಬರ್‌ನಲ್ಲಿ ಹತ್ತೇ ಜನ ಇರುತ್ತಾರೆ. ಮಕ್ಕಳ ನಂಬಿಕೆ ತಣ್ಣಗಾಯಿತು ಅಂತ ಬೇಸರಪಡುವ ಮೊದಲು ಇಂಟರ್ನಲ್ಸ್ ಟೈಮ್‌ಟೇಬಲ್ ನೋಡಿ.

ಒಂಬತ್ತನ್ನು ಹೀಗೆ ಹಂಚಬಹುದು: ಹೊಸಬರ ಸ್ವಾಗತ ಒಂದು, ಬೈಬಲ್ ಅಧ್ಯಯನ ನಾಲ್ಕು, ಪ್ರಾರ್ಥನೆ ಒಂದು, ಪಣಂಬೂರು ಬೀಚಿಗೋ ತಣ್ಣೀರುಬಾವಿ ಬೀಚಿಗೋ ಸುಮ್ಮನೆ ಹೋಗಿ ಬರುವುದು ಒಂದು, ಕ್ರಿಸ್ಮಸ್ ಒಂದು. ಒಂಬತ್ತನೆಯದು ಖಾಲಿ ಇರಲಿ. ಮಳೆಗೆ ರಜೆ ಘೋಷಣೆಯಾಗುವ ಜಿಲ್ಲೆ ನಿಮ್ಮದು, ಅದು ತಾನಾಗಿ ತುಂಬುತ್ತದೆ.

ಎರಡು ಕಡೆ ಎಲ್ಲರೂ ಎಡವುತ್ತಾರೆ. ಫಸ್ಟ್ ಇಯರ್‌ನವರು ಸೀಟು ಹಂಚಿಕೆ ಮುಗಿಸಿ ಬರುವ ಹೊತ್ತಿಗೆ ಸೀನಿಯರ್‌ಗಳ ತರಗತಿ ಶುರುವಾಗಿ ವಾರಗಳೇ ಕಳೆದಿರುತ್ತವೆ. ಸ್ವಾಗತವನ್ನು ಹೊಸಬರ ದಿನಾಂಕಕ್ಕೆ ಹೊಂದಿಸಿ, ಅವರು ಬಂದ ಮೂರು ವಾರದೊಳಗೆ ಇಡಿ. ಆಮೇಲಾದರೆ ಅವರ ಗೆಳೆಯರ ಗುಂಪು ಕಟ್ಟಿ ಆಗಿರುತ್ತದೆ. ಇನ್ನು ಕ್ರಿಸ್ಮಸ್: ಡಿಸೆಂಬರ್ ಕೊನೆಗೆ ಪರೀಕ್ಷೆ ಬೀಳಬಹುದು, ಮಕ್ಕಳು ಊರಿಗೂ ಹೋಗುತ್ತಾರೆ. ತಿಂಗಳ ಮೊದಲ ವಾರ ಮುಗಿಸಿಬಿಡಿ. ಅಂದರೆ ಕ್ಯಾರೆಲ್ (ಕ್ರಿಸ್ಮಸ್ ಹಾಡು) ಅಭ್ಯಾಸ ದೀಪಾವಳಿ ಮುಗಿಯುತ್ತಿದ್ದಂತೆ ಶುರು.

ಭಾನುವಾರ ಬೆಳಗ್ಗೆ ಏನೂ ಇಡಬೇಡಿ. ಕಥೋಲಿಕರಿಗೆ ಬಲಿಪೂಜೆ ಇದೆ, ಉಳಿದವರಿಗೆ ಅವರವರ ಸಭೆ. ಕಾಲೇಜು ಮುಗಿದ ಮೇಲೆ ಆ ಮಕ್ಕಳಿಗೆ ಉಳಿಯುವುದು ಸಭೆಯೇ.

ನೇತ್ರಾವತಿ ದಡ

ಬ್ರದರ್ ಹೇಳಿದ್ದಕ್ಕೆ ಒಂದು ತಕರಾರು. ಇಂಟರ್ನಲ್ಸ್ ವಾರದಲ್ಲಿ ಕೂಟ ಬೇಡ, ಒಪ್ಪಿದೆ. ಆದರೆ ಹಾಲ್‌ಗೆ ಬೀಗ ಹಾಕಬೇಡಿ. ಶುಕ್ರವಾರ ಐದರಿಂದ ಐದೂಮುಕ್ಕಾಲು ಬಾಗಿಲು ತೆರೆದಿರಲಿ, ಚಹಾ ಮತ್ತು ಬನ್ಸ್ ಇರಲಿ, ಒಂದು ಕೀರ್ತನೆ ಓದಿ ಹತ್ತು ನಿಮಿಷ ಪ್ರಾರ್ಥಿಸಿ ಕಳಿಸಿ. ಎರಡು ವಾರ ಸತತ ಬೀಗ ಕಂಡವನು ಮೂರನೇ ವಾರ ಬರುವುದಿಲ್ಲ, ಅವನಿಗೆ ಬೇರೆ ಅಭ್ಯಾಸ ಆಗಿರುತ್ತದೆ.

ಹಾಸ್ಟೆಲ್ ಹುಡುಗಿಯರ ಇನ್-ಟೈಮ್ ವಾರ್ಡನ್ ಹತ್ತಿರವೇ ಕೇಳಿ ತಿಳಿದುಕೊಳ್ಳಿ. ಏಳಕ್ಕೆ ಗೇಟ್ ಹಾಕುತ್ತಾರೆಂದರೆ ಆರೂವರೆಗೆ ಕೊನೆಯ ಆಮೆನ್. ಆರೂಮುಕ್ಕಾಲಾದರೆ ಅವರು ಕೊನೆಯ ಹಾಡಿನ ಮಧ್ಯೆ ಚಪ್ಪಲಿ ಹುಡುಕಲು ಏಳುತ್ತಾರೆ, ನಾಲ್ಕು ವಾರದಲ್ಲಿ ಬರುವುದೇ ನಿಲ್ಲುತ್ತದೆ.

ಸ್ವಾಗತದ ದಿನ ಹೊಸಬರ ನಂಬರ್ ಬರೆಸಿಕೊಂಡು ಅಲ್ಲೇ ವಾಟ್ಸಾಪ್ ಗುಂಪಿಗೆ ಸೇರಿಸುವ ಚಾಳಿ ಬಿಡಿ, ಮೊದಲು ಕೇಳಿ. ಇಬ್ಬರು ಹೊಸಬರಿಗೆ ಒಬ್ಬ ಸೀನಿಯರ್, ಅದೇ ಹಾಸ್ಟೆಲ್ ಅಥವಾ ಅದೇ ಬ್ರಾಂಚ್‌ನವರು. ಎರಡು ದಿನದೊಳಗೆ ಅವರು ಕ್ಯಾಂಟೀನ್‌ನಲ್ಲಿ ಒಮ್ಮೆ ಸಿಗಬೇಕು. ಪೋಸ್ಟರ್‌ಗೆ ಖರ್ಚು ಮಾಡುವ ದುಡ್ಡನ್ನು ಆ ಚಹಾಕ್ಕೆ ಕೊಡಿ ಮಾರಾಯರೇ.

ಪಡೀಲ್ ಜಂಕ್ಷನ್

ಒಂಬತ್ತರ ಲೆಕ್ಕ ನೋಡಿ ತಲೆ ತಿಳಿಯಾಯಿತು. ಹೊಣೆ ದಾಟಿಸುವ ವಿಷಯ? ಈಗ ಇರುವ ಸೆಕ್ರೆಟರಿ ಏಳನೇ ಸೆಮ್. ಇನ್ನೊಂದು, ಬೈಬಲ್ ಅಧ್ಯಯನ ಇಂಗ್ಲಿಷ್‌ನಲ್ಲಿ ನಡೆಯುತ್ತದೆ, ಹಾವೇರಿ ಹುಡುಗರು ಬಾಯಿ ಬಿಡುವುದಿಲ್ಲ.

ಹಳೇ ಸ್ಟಾಫ್‌ವರ್ಕರ್

ಏಳನೇ ಸೆಮ್ ಅಂದರೆ ಪ್ಲೇಸ್‌ಮೆಂಟ್. ಎಂಟನೆಯದರಲ್ಲಿ ಬಹಳಷ್ಟು ಮಂದಿ ಇಂಟರ್ನ್‌ಶಿಪ್ ಅಂತ ಊರಲ್ಲೇ ಇರುವುದಿಲ್ಲ. ಆದ್ದರಿಂದ ಕೂಟ ನಡೆಸುವ ವಯಸ್ಸು ಐದು ಮತ್ತು ಆರನೇ ಸೆಮ್ ಮಾತ್ರ. ಫೈನಲ್ ಇಯರ್‌ನವರಿಗೆ ಪಟ್ಟ ಕಟ್ಟುವ ಪದ್ಧತಿಯೇ ನಿಮ್ಮ ತೊಂದರೆಯ ಮೂಲ.

ನಾಲ್ಕನೇ ಸೆಮ್‌ನ ಮಧ್ಯದಲ್ಲಿ ಆರಿಸಿ. ಒಬ್ಬರನ್ನಲ್ಲ, ಐವರನ್ನು: ಸಂಯೋಜಕ, ಬೈಬಲ್ ಅಧ್ಯಯನ, ಹಾಡು, ಹೊಸಬರು, ಲೆಕ್ಕ. ಆರು ವಾರ ಹಳಬರ ಜೊತೆ ಕೆಲಸ. ಮೊದಲ ಎರಡು ವಾರ ನೋಡುವುದು, ಮುಂದಿನ ಎರಡು ವಾರ ಜೊತೆಗೆ ಮಾಡುವುದು, ಕೊನೆಯ ಎರಡು ವಾರ ಈ ಐವರೇ ಮಾಡುವುದು. ಆಗ ಹಳಬರು ಹಿಂದಿನ ಸಾಲಿನಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಬೇಕು, ಕಷ್ಟದ ಭಾಗ ಇದೇ. ಪರೀಕ್ಷೆಗೆ ಮುಂಚೆ ಪ್ರಾರ್ಥಿಸಿ ಹಸ್ತಾಂತರಿಸಿ. ಫೇರ್‌ವೆಲ್ ದಿನ ಕೇಕ್ ಕತ್ತರಿಸುತ್ತ ಕೀಲಿಕೈ ಕೊಟ್ಟರೆ ಕೀಲಿಕೈ ಮಾತ್ರ ದಾಟುತ್ತದೆ.

ಚೆನ್ನಾಗಿ ಹಾಡುವವನೇ ನಾಯಕ ಅನ್ನುವ ತಪ್ಪು ಬೇಡ. ಕೂಟ ಮುಗಿದ ಮೇಲೆ ಹೇಳಿಸಿಕೊಳ್ಳದೆ ಕುರ್ಚಿ ಮಡಚುವವರು ಯಾರು, ಬಾರದವರಿಗೆ ಫೋನ್ ಮಾಡುವವರು ಯಾರು ಅಂತ ಒಂದು ತಿಂಗಳು ಗಮನಿಸಿ. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಎಷ್ಟಿದೆ ಕೇಳಿ. ಎರಡಕ್ಕಿಂತ ಹೆಚ್ಚಿದ್ದರೆ ಹೊಣೆ ಬೇಡ, ಹಾಜರಾತಿ 85% ಇಲ್ಲದವರಿಗೂ ಬೇಡ. ಮಗ ಫೇಲಾದರೆ ಮನೆಯವರು ಬೈಯುವುದು ಕೂಟವನ್ನೇ.

ನೀವೇ ಎಲ್ಲ ಮಾಡುತ್ತ ಹೋದರೆ ಏನಾಗುತ್ತದೆ ಅನ್ನುವುದು ವಿಮೋಚನಕಾಂಡ 18ರಲ್ಲಿದೆ. ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಕೂತ ಮೋಶೆಗೆ ಮಾವ ಇತ್ರೋವನು ಹೇಳಿದ ಮಾತು: ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ. ಎರಡನೆಯದನ್ನು ನಾವು ಮರೆಯುತ್ತೇವೆ.

ಈಗಿನ ಸೆಕ್ರೆಟರಿಯನ್ನು ಅವಮಾನ ಮಾಡಿ ಇಳಿಸಬೇಡಿ. ಈ ವಾರವೇ ಐದನೇ ಸೆಮ್‌ನ ಇಬ್ಬರನ್ನು ಜೊತೆಗೆ ಹಾಕಿ, ದಸರಾದೊಳಗೆ ಕೆಲಸ ಕೈಬದಲಾಗಲಿ.

ಬಲ್ಮಠ ಗುಡ್ಡ

ಭಾಷೆಯ ವಿಷಯ ನಾನು ಹೇಳುತ್ತೇನೆ. ಆರರಿಂದ ಎಂಟು ಜನರ ಗುಂಪು ಮಾಡಿ, ಒಂದು ಗುಂಪು ಕನ್ನಡದ್ದೇ ಆಗಿರಲಿ. ಓದುವ ಭಾಗವನ್ನು ಎರಡೂ ಭಾಷೆಯಲ್ಲಿ ಅಕ್ಕಪಕ್ಕ ಬರುವಂತೆ ಒಂದೇ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ. ಫೋನ್‌ನಲ್ಲಿ ಓದಿದರೆ ಮಧ್ಯೆ ಮೆಸೇಜ್ ಬರುತ್ತದೆ, ಕಣ್ಣು ಅತ್ತ ಹೋಗುತ್ತದೆ. (1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರೂ ಮೊದಲು ಇಲ್ಲಿನ ಭಾಷೆ ಕಲಿಯಲು ಕೂತವರೇ. ನಮಗೇನು ಅವಸರ?)

ನಾಲ್ಕು ವಾರಕ್ಕೆ ಮಾರ್ಕನ ಸುವಾರ್ತೆ ಸಾಕು: 2:1-12, 4:35-41, 5:21-43, 10:46-52. 45 ನಿಮಿಷ, ಆರು ಪ್ರಶ್ನೆ, ಅದಕ್ಕಿಂತ ಹೆಚ್ಚು ಬೇಡ. ‘ನಂಬಿಕೆ ಎಂದರೇನು?’ ಅಂತ ಕೇಳಿದರೆ ಹಾವೇರಿಯವನೂ ಸುಮ್ಮನಿರುತ್ತಾನೆ, ಕೊಟ್ಟಾಯಂನವನೂ ಸುಮ್ಮನಿರುತ್ತಾನೆ. ಎರಡನೇ ಅಧ್ಯಾಯದಲ್ಲಿ ಹೀಗೆ ಕೇಳಿ: ರೋಗಿಯನ್ನು ಹೊತ್ತವರು ಎಷ್ಟು ಜನ? ಬಾಗಿಲಲ್ಲಿ ಏನು ಅಡ್ಡಿ? ಮಾಳಿಗೆ ಬಿಚ್ಚಿದಾಗ ಕೆಳಗೆ ಕೂತವರ ಮೇಲೆ ಏನು ಬಿದ್ದಿರಬೇಕು? ಐದನೇ ವಚನದಲ್ಲಿ ಯೇಸು ನೋಡಿದ್ದು ಯಾರ ನಂಬಿಕೆಯನ್ನು? ಉತ್ತರ ಹಾಳೆಯಲ್ಲೇ ಇರುವುದರಿಂದ ಬೆರಳಿಟ್ಟು ಹೇಳಬಹುದು. ಒಮ್ಮೆ ಬಾಯಿ ಬಿಟ್ಟವರು ‘ನಿನ್ನನ್ನು ಹೊತ್ತವರು ಯಾರು?’ ಅನ್ನುವ ಆರನೇ ಪ್ರಶ್ನೆಗೂ ಬರುತ್ತಾರೆ. ಪ್ರಶ್ನೆ ಕೇಳಿ ಹತ್ತು ಸೆಕೆಂಡ್ ಕಾಯಿರಿ. ನಡೆಸುವವರು ಮೂರನೇ ಸೆಕೆಂಡಿಗೇ ತಾವೇ ಉತ್ತರ ಕೊಟ್ಟು ಕೆಡಿಸುತ್ತಾರೆ.

ಲೆಕ್ಕದ ಪುಸ್ತಕ

ಯಾರೂ ಹೇಳದ್ದು. ಕಾಣಿಕೆ ಸೆಕ್ರೆಟರಿಯ ಸ್ವಂತ ಯುಪಿಐಗೆ ಹೋಗದಿರಲಿ. ಸಭೆಯ ಖಾತೆಗೆ ಹೋಗಲಿ, ಖರ್ಚಿಗೆ ಇಬ್ಬರ ಸಹಿ, ತಿಂಗಳಿಗೊಮ್ಮೆ ಬಾಕಿ ಎಷ್ಟೆಂದು ಗುಂಪಿನಲ್ಲಿ ಹಾಕಿ. ಹೊರದೇಶದ ಕೂಟ ಅಥವಾ ಸಂಸ್ಥೆ ದುಡ್ಡು ಕಳಿಸುತ್ತೇನೆಂದರೆ ನಿಮ್ಮ ಖಾತೆ ಕೊಡಬೇಡಿ, ಅದು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ವಿಷಯ.

ಬೇರೆ ಧರ್ಮದ ಗೆಳೆಯರು ಚಹಾಕ್ಕೆ ಬಂದರೆ ಸಂತೋಷ. ಆದರೆ ಅವರ ಫೀಸ್ ಕಟ್ಟುವುದು, ಉಡುಗೊರೆ ಹಂಚುವುದು ಕೂಟದ ಹೆಸರಲ್ಲಿ ಬೇಡ. ಮತಾಂತರ ಕುರಿತ 2022ರ ಕರ್ನಾಟಕದ ಕಾಯ್ದೆಯಲ್ಲಿ ‘ಆಮಿಷ’ ಪದದ ಅರ್ಥ ಬಹಳ ಅಗಲ, ಉಡುಗೊರೆಯೂ ಅದರೊಳಗೆ ಬರುತ್ತದೆ.

ಯಾರಾದರೂ ಸಾಯುವ ಮಾತಾಡಿದರೆ ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತು ಕೊಡಬೇಡಿ, ಒಬ್ಬರನ್ನೇ ಬಿಡಬೇಡಿ. ಪ್ರಾರ್ಥಿಸಿ, ಜೊತೆಗೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ವಾರ್ಡನ್‌ಗೂ ಮನೆಯವರಿಗೂ ತಿಳಿಸಿ.

ರಿಟ್ರೀಟ್ ಇಟ್ಟರೆ ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನ, ಬಸ್ಸಿನಲ್ಲಿ ಎರಡು ಗಂಟೆಯೊಳಗಿನ ಜಾಗ. ಕಥೋಲಿಕರಿಗೆ ಹತ್ತಿರದ ಇಗರ್ಜಿಯಲ್ಲಿ ಪೂಜೆ ಎಷ್ಟು ಹೊತ್ತಿಗೆ ಅಂತ ಮೊದಲೇ ಕೇಳಿಡಿ. ಮುಂಗಡ ಕೊಟ್ಟವರನ್ನು ಮಾತ್ರ ಎಣಿಸಿ. ಬಾಯಲ್ಲಿ ಬರುತ್ತೇನೆ ಅಂದವರನ್ನೂ ನಂಬಿ 40 ಜನರಿಗೆ ಐದು ಕಿಲೋ ಅಕ್ಕಿ ಹಾಕಿಸಿದರೆ ರಾತ್ರಿ ಅರ್ಧ ಪಾತ್ರೆ ಅನ್ನ ಉಳಿಯುತ್ತದೆ. ಫಸ್ಟ್ ಇಯರ್‌ನಲ್ಲಿ 18 ತುಂಬದವರಿದ್ದರೆ ಪೋಷಕರ ಸಹಿಯ ಪತ್ರ ಬಸ್ ಹತ್ತುವ ಮೊದಲೇ ನಿಮ್ಮ ಕೈಯಲ್ಲಿರಬೇಕು, ಫೋಟೋ ವಾಟ್ಸಾಪ್‌ಗೆ ಕಳಿಸಿದರೂ ನಡೆಯುತ್ತದೆ.