ಬಲ್ಮಠದ ಚರ್ಚ್ ಮೊದಲೋ, ಹಂಚಿನ ಕಾರ್ಖಾನೆ ಮೊದಲೋ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಮಂಗಳೂರಿನ ಜೆಪ್ಪು. ಅಜ್ಜಿಯ ಅಜ್ಜ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರಂತೆ. ಇಲ್ಲೇ ಬಲ್ಮಠದ ಶಾಂತಿ ಕೆಥೆಡ್ರಲ್ ಚರ್ಚ್ ಕಟ್ಟುವಾಗ ಹಂಚು ಹೋದದ್ದು ಅಲ್ಲಿಂದಲೇ ಅಂತ ಅಜ್ಜಿ ಹೇಳುತ್ತಾರೆ. ಮೊನ್ನೆ ಹಟ್ಟಿಯ ಮಾಡು ಬಿಚ್ಚುವಾಗ ಒಂದು ಹಳೆ ಹಂಚು ಸಿಕ್ಕಿತು. ಅದರಲ್ಲಿ ಬಾಸೆಲ್ ಮಿಷನ್ ಹೆಸರು, 1865 ಅಂತ ಇಸವಿ. ಅಂದರೆ ಅಜ್ಜಿಯ ಮಾತು ಸರಿ ಅಲ್ವಾ?

ಉತ್ತರ: ಹಳೆ ದಾಖಲೆಗಳ ಕೆಲಸದಲ್ಲಿರುವ ನನಗೆ ಇಂಥ ಪ್ರಶ್ನೆ ಅಂದರೆ ಖುಷಿ. ಆದರೆ ಇಸವಿ ಕೂಡಿ ಬರುವುದಿಲ್ಲ ನೋಡಿ. ಶಾಂತಿ ಚರ್ಚ್ ಆದದ್ದು 1862ರಲ್ಲಿ. ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಚರ್ಚ್ ಎದ್ದು ಮೂರು ವರ್ಷ ಆದ ಮೇಲೆ! ಶುರುವಿನಲ್ಲಿ ಅದೂ ಸಣ್ಣದೇ. ಮಣ್ಣು ಹದ ಮಾಡಲು ಒಂದು ಜೊತೆ ಎತ್ತು, ದಿನಕ್ಕೆ 560 ಹಂಚು.

ಇನ್ನು ನಿಮ್ಮ ಹಂಚಿನ ಮೇಲಿನ 1865. ತುಂಬಾ ಜನ ಇಲ್ಲೇ ಎಡವುತ್ತಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಎಷ್ಟೋ ವರ್ಷ ಬಿಟ್ಟು ಮಾಡಿದ ಹಂಚಿಗೂ ಅದೇ ಅಚ್ಚು. ಮೊದಲ ಮಹಾಯುದ್ಧದಲ್ಲಿ ಮಿಷನ್‌ನ ಕಾರ್ಖಾನೆಗಳನ್ನು ಸರ್ಕಾರ ವಶಕ್ಕೆ ತಗೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ನಿಮ್ಮ ಹಂಚಿನಲ್ಲಿ ಬಾಸೆಲ್ ಮಿಷನ್ ಅಂತಲೇ ಇದ್ದರೆ ಅದು ಯುದ್ಧಕ್ಕಿಂತ ಹಿಂದಿನದು ಎನ್ನಬಹುದು. ಅಷ್ಟು ಹಳೆಯದಾದರೆ ಸಣ್ಣ ಮಾತಲ್ಲ.

ಪ್ರಶ್ನೆ (ಇನ್ನೊಬ್ಬರು): ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಇದು ಬ್ರಿಟಿಷರು ಕಟ್ಟಿದ ಚರ್ಚ್ ಅಲ್ವಾ?

ಉತ್ತರ: ಅಲ್ಲ. ಬ್ರಿಟಿಷ್ ಅಧಿಕಾರಿಗಳು, ಸಿಪಾಯಿಗಳು ಹೋಗುತ್ತಿದ್ದದ್ದು ನೆಹರೂ ಮೈದಾನದ ಹತ್ತಿರದ ಸೇಂಟ್ ಪಾಲ್ಸ್‌ಗೆ. ಅದು 1843ರದ್ದು. ಬಲ್ಮಠದ್ದು ಬಾಸೆಲ್ ಮಿಷನ್‌ನವರದ್ದು. ಸಂಸ್ಥೆ ಸ್ವಿಟ್ಜರ್ಲೆಂಡಿನದ್ದು, ಬಂದವರಲ್ಲಿ ಜಾಸ್ತಿ ಜರ್ಮನರು. 1833ರ ಕಾನೂನು ಬರುವವರೆಗೆ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಊರುಗಳಲ್ಲಿ ಬೇರೆ ದೇಶದ ಮಿಷನ್‌ಗಳಿಗೆ ಬಾಗಿಲು ತೆರೆದಿರಲಿಲ್ಲ. ತೆರೆದ ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಈ ಮಿಷನ್‌ನ ಪಾದ್ರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮೂವರೂ ಮಂಗಳೂರಿಗೆ ಬಂದು ಇಳಿದರು. ಎರಡು ವರ್ಷ ಬಿಟ್ಟು ಬಂದವರು ಮೋಗ್ಲಿಂಗ್. 1843ರಲ್ಲಿ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದವರು ಅವರೇ. ಕಿಟೆಲ್‌ರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದೂ ಇದೇ ಮಿಷನ್‌ನ ಪ್ರೆಸ್ಸಿನಲ್ಲಿ. ಈಗ ಸೇಂಟ್ ಪಾಲ್ಸ್, ಬಲ್ಮಠ ಎರಡೂ ಚರ್ಚ್‌ಗಳು ಸಿಎಸ್ಐಗೆ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿವೆ. ಹಾಗಾಗಿ ಜನರಿಗೆ ಗೊಂದಲ.

‘ಕೆಥೆಡ್ರಲ್’ ಎಂಬ ಹೆಸರೂ ಆಮೇಲಿನದ್ದೇ. ಕೆಥೆಡ್ರಲ್ ಅಂದರೆ ಬಿಷಪ್‌ರ ಚರ್ಚ್. ಬಾಸೆಲ್ ಮಿಷನ್‌ನಲ್ಲಿ ಬಿಷಪ್ ಪದ್ಧತಿಯೇ ಇರಲಿಲ್ಲ. ಹಳೆ ಕಾಗದದಲ್ಲಿ ಹುಡುಕುವಾಗ ಇದು ನೆನಪಿರಲಿ. ‘ಶಾಂತಿ ಕೆಥೆಡ್ರಲ್’ ಅಂತ ಹುಡುಕಿದರೆ ಏನೂ ಸಿಗದು. ‘ಬಲ್ಮಠ’ ಅಂತ ಹುಡುಕಿ.

ಪ್ರಶ್ನೆ: ಅಜ್ಜಿಗೆ ಓದಿ ಹೇಳಿದೆ ಸರ್. "ಕಟ್ಟುವಾಗ ಹಾಕದಿದ್ದರೆ ಆಮೇಲೆ ಹಾಕಿದ್ದಾರೆ, ನಿಂಗೇನೀಗ?" ಅಂತಾರೆ!

ಉತ್ತರ: ಅಜ್ಜಿಯನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ನಮ್ಮ ಊರಿನ ಮಳೆಗೆ ಯಾವ ಮಾಡೂ ಒಮ್ಮೆ ಹೊದಿಸಿದ ಹಾಗೇ ಉಳಿಯುವುದಿಲ್ಲ. ಆಗಾಗ ಬಿಚ್ಚಿ ಹೊದಿಸಲೇಬೇಕು. ಅಂಥ ರಿಪೇರಿಗೆ ಜೆಪ್ಪುವಿನ ಹಂಚು ಹೋಗಿದ್ದರೆ ಆ ಮಾತೇ ಮನೆಯಲ್ಲಿ ‘ಕಟ್ಟುವಾಗ’ ಎಂದಾಗಿರಬಹುದು.

ಅಜ್ಜಿಯ ಅಜ್ಜನ ಹೆಸರು, ಯಾವ ಸಭೆಯವರು (ಅಂದರೆ ಯಾವ ಚರ್ಚಿಗೆ ಸೇರಿದವರು) ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಆ ಸಭೆಯ ದೀಕ್ಷಾಸ್ನಾನದ, ಮದುವೆಯ ರಿಜಿಸ್ಟರ್ ತೋರಿಸಲು ಸಭಾಪಾಲಕರನ್ನು ಕೇಳಿ. ಬಲ್ಮಠದಲ್ಲೇ ಇರುವ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನಲ್ಲಿ ಮಿಷನ್‌ನ ಹಳೆ ಕಾಗದಪತ್ರಗಳಿವೆ, ಅಲ್ಲೂ ವಿಚಾರಿಸಿ. ಮತ್ತೆ ಆ ಹಂಚನ್ನು ಆ್ಯಸಿಡ್ ಹಾಕಿ ತೊಳೆಯಬೇಡಿ ಮಾರಾಯ್ರೆ. ಒಣ ಬ್ರಷ್‌ನಲ್ಲಿ ಪಾಚಿ ತೆಗೆದು, ಅಕ್ಷರಗಳ ಮೇಲೆ ಓರೆಯಾಗಿ ಬೆಳಕು ಬೀಳುವ ಹಾಗೆ ಒಂದು ಫೋಟೋ ತೆಗೆದು ಇಲ್ಲಿ ಹಾಕಿ.