ಹೆಲ್‌ಬ್ಲೇಡ್: ಆ ಲೋಕ ಬಿಡ್ತಿಲ್ಲ, ಆಟ ಮುಂದೆ ಹೋಗ್ತಿಲ್ಲ. ಮುಗಿಸಿದವರು ಏನಂತೀರಿ?

ಇರುಳುಗಣ್ಣು:

"ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್" ಅರ್ಧದಲ್ಲಿ ನಿಂತಿದೆ. ಪೂರ್ತಿ ಆಡಿದವರ ಅಭಿಪ್ರಾಯ ಬೇಕು. ಕೊನೆಗೆ ಏನಾಗುತ್ತೆ ಅಂತ ಮಾತ್ರ ದಯವಿಟ್ಟು ಯಾರೂ ಬರೀಬೇಡಿ.

ಆಡದೇ ಇರೋರಿಗೆ ಎರಡು ಮಾತು. 2017ರ ಆಗಸ್ಟ್‌ನಲ್ಲಿ ಬಂದ ಗೇಮ್ ಇದು. ಮಾಡಿದ್ದು ಕೇಂಬ್ರಿಜ್‌ನ ನಿಂಜಾ ಥಿಯರಿ, ಇಪ್ಪತ್ತರ ಆಸುಪಾಸಿನ ಸಣ್ಣ ತಂಡ. ಸ್ಕಾಟ್ಲೆಂಡ್‌ನ ಆರ್ಕ್ನಿ ದ್ವೀಪಗಳ ಪಿಕ್ಟ್ ಅನ್ನೋ ಹಳೇ ಬುಡಕಟ್ಟಿನ ಯೋಧೆ ಸೆನುವಾ. ಉತ್ತರದಿಂದ ಹಡಗಿನಲ್ಲಿ ಬಂದವರು ಅವಳ ಪ್ರಿಯಕರ ಡಿಲಿಯನ್‌ನನ್ನು ಬಲಿ ಕೊಟ್ಟಿದ್ದಾರೆ. ಅವನ ತಲೆಯನ್ನು ಚೀಲದಲ್ಲಿಟ್ಟು ಸೊಂಟಕ್ಕೆ ಕಟ್ಟಿಕೊಂಡು, ಅವನ ಆತ್ಮವನ್ನು ಬಿಡಿಸಿಕೊಂಡು ಬರ್ತೀನಿ ಅಂತ ಸತ್ತವರ ಲೋಕವಾದ ಹೆಲ್‌ಹೈಮ್‌ಗೆ ಹೊರಟಿದ್ದಾಳೆ. ಅವಳಿಗೆ ಧ್ವನಿಗಳು ಕೇಳಿಸ್ತವೆ, ಜೊತೆಗೆ ನಮಗೂ.

ಶುರುವಿನ ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಂಜಿನ ನಡುವೆ ಮರದ ದಿಮ್ಮಿಯಂಥ ದೋಣಿಯಲ್ಲಿ ಅವಳು ಹುಟ್ಟು ಹಾಕ್ತಾ ಬರ್ತಾಳೆ, ದಡದಲ್ಲಿ ಹೆಣಗಳು ನೇತಾಡ್ತಿವೆ, ಒಬ್ಬಳು ನನ್ನ ಕಿವಿಯಲ್ಲೇ ಪಿಸುಗುಟ್ಟಿ ನನ್ನನ್ನೂ ಒಳಗೆ ಕರೀತಾಳೆ. ನಾನೂ ಸೆನುವಾ ತಲೆಯೊಳಗಿನ ಇನ್ನೊಂದು ಧ್ವನಿ ಅನ್ನೋ ಥರ. ಹೆಸರುಗಳು ಬರುವಾಗ "ಮಾನಸಿಕ ಆರೋಗ್ಯ ಸಲಹೆಗಾರರು" ಅಂತ ಒಂದು ಸಾಲು ಬರುತ್ತೆ. ನಾನು ಬೇರೆ ಯಾವ ಗೇಮ್‌ನಲ್ಲೂ ಅದನ್ನು ನೋಡಿಲ್ಲ. ಪರದೆ ಮೇಲೆ ಹೆಲ್ತ್ ಬಾರ್ ಇಲ್ಲ, ಮ್ಯಾಪ್ ಇಲ್ಲ, ಯಾವ ಬಟನ್ ಒತ್ತಬೇಕು ಅಂತ ಹೇಳಿಕೊಡೋರೂ ಇಲ್ಲ. ಇಷ್ಟು ಧೈರ್ಯವಾಗಿ ಶುರುವಾಗೋ ಗೇಮ್ ಕಮ್ಮಿ.

ನನಗೆ ಬೇಸರ ತಂದಿದ್ದು ಆ ರೂನ್ (ಉತ್ತರದವರ ಹಳೇ ಲಿಪಿಯ ಅಕ್ಷರ) ಬಾಗಿಲುಗಳು. ಬಾಗಿಲ ಮೇಲೆ ಒಂದು ಅಕ್ಷರದ ಆಕಾರ ಕಾಣುತ್ತೆ. ಅದೇ ಆಕಾರವನ್ನು ಸುತ್ತಮುತ್ತಲಿನ ತೊಲೆ, ಕೊಂಬೆ, ನೆರಳಿನಲ್ಲಿ ಹುಡುಕಿ, ಸರಿಯಾದ ಕೋನದಲ್ಲಿ ನಿಂತು ನೋಡಬೇಕು. ಮೊದಲ ಸಲ ಕಂಡಾಗ ಮೈ ಜುಮ್ಮೆಂದಿತು. ಆಮೇಲೆ ಬಾಗಿಲು ಮೇಲೆ ಬಾಗಿಲು. ವಾಲ್‌ರಾವ್ನ್ ಅನ್ನೋ ಎದುರಾಳಿಯ ಭಾಗದಲ್ಲಿ ಒಂದು ಆಕಾರಕ್ಕಾಗಿ ಅದೇ ಮೆಟ್ಟಿಲನ್ನು ಹತ್ತಿ ಇಳಿದು, ಕಥೆಯಲ್ಲಿ ನಾನು ಯಾಕೆ ಇಲ್ಲಿದ್ದೀನಿ ಅನ್ನೋದೇ ಮರೆತುಹೋಯಿತು. ಸುರ್ಟ್ ಅನ್ನೋ ದೈತ್ಯನ ಭಾಗದ ಬೆಂಕಿಯ ಓಟ ಮಾತ್ರ ತುಂಬಾ ಹಿಡಿಸಿತು.

ಈಗ ಸೇತುವೆ ದಾಟಿ, ಸತ್ತವರ ಲೋಕದ ದೇವತೆ ಹೆಲಾ ಎದುರು ಸೋತು, ಕತ್ತಿ ಮುರಿದಿದೆ. ಮುಂದೆ ಮತ್ತೆ ಪರೀಕ್ಷೆಗಳು ಅಂತ ಕಂಡ ಕೂಡಲೇ ನಿಲ್ಲಿಸಿದೆ. ಇನ್ನೊಂದು ಭಯವೂ ಇದೆ. ಸೋತಾಗಲೆಲ್ಲ ಅವಳ ತೋಳಿನ ಕಪ್ಪು ಕೊಳೆತ ಮೇಲೇರುತ್ತೆ, ತಲೆಗೆ ಮುಟ್ಟಿದರೆ ಆಡಿದ್ದೆಲ್ಲ ಅಳಿಸಿಹೋಗುತ್ತೆ ಅಂತ ಶುರುವಿನಲ್ಲೇ ಎಚ್ಚರಿಕೆ ಕೊಟ್ಟಿದ್ದಾರೆ. ಅದು ನಿಜವಾ? ಕಾದಾಟ ಮುಂದೆ ಬದಲಾಗುತ್ತಾ? ಎರಡನೇ ಭಾಗ ಇದಕ್ಕಿಂತ ಚೆನ್ನಾಗಿದೆಯಾ?

ಶಬ್ದವೇಧಿ:

ಮೊದಲು ಒಂದು ಪ್ರಶ್ನೆ. ಹೆಡ್‌ಫೋನ್ ಹಾಕಿಕೊಂಡು ಆಡ್ತಿದ್ದೀರಾ, ಟಿವಿ ಸ್ಪೀಕರ್‌ನಲ್ಲಾ? ಸ್ಪೀಕರ್ ಆದರೆ ಈ ಗೇಮ್‌ನ ಅರ್ಧ ನಿಮಗೆ ಸಿಕ್ಕೇ ಇಲ್ಲ. ಧ್ವನಿಗಳನ್ನು ರೆಕಾರ್ಡ್ ಮಾಡಿದ್ದು ಬೈನಾರಲ್ ಮೈಕ್‌ನಲ್ಲಿ. ಮನುಷ್ಯನ ಎರಡು ಕಿವಿಗೆ ಶಬ್ದ ಹೇಗೆ ಮುಟ್ಟುತ್ತೋ ಹಾಗೇ ಹಿಡಿಯೋ ಮೈಕ್ ಅದು. ನಟಿಯರು ಅದರ ಸುತ್ತ ಓಡಾಡ್ತಾ, ಹತ್ತಿರ ಬಂದು, ದೂರ ಸರಿದು ಮಾತಾಡಿದ್ದಾರೆ. ಹಾಗಾಗಿ ಎಡಗಿವಿಯಲ್ಲಿ ಶುರುವಾದ ಮಾತು ತಲೆಯ ಹಿಂದಿನಿಂದ ಸುತ್ತಿ ಬಲಗಿವಿಗೆ ಬರುತ್ತೆ.

ಇದು ಬರೀ ಅಲಂಕಾರ ಅಲ್ಲ. ಕಾದಾಟದಲ್ಲಿ ಹಿಂದಿನಿಂದ ಒಬ್ಬ ಕತ್ತಿ ಎತ್ತಿದಾಗ "ಹಿಂದೆ!" ಅಂತ ಕೂಗೋದು ಅದೇ ಧ್ವನಿ. ಸುಳ್ಳು ಹೇಳೋರೂ ಅವರೇ, ಕಾಪಾಡೋರೂ ಅವರೇ. ಅವರನ್ನು ನಂಬಬೇಕೋ ಬೇಡವೋ ಅಂತ ಆಡೋನೇ ಪ್ರತಿ ಕ್ಷಣ ನಿರ್ಧಾರ ಮಾಡಬೇಕು. ಹೆಲ್ತ್ ಬಾರ್ ಇದ್ದಿದ್ದರೆ ಈ ಸಂಬಂಧವೇ ಹುಟ್ತಿರಲಿಲ್ಲ.

ರೂನ್ ವಿಷಯ. ತಂಡದವರು ಕೇಂಬ್ರಿಜ್ ವಿಶ್ವವಿದ್ಯಾಲಯದ ಮನೋವೈದ್ಯ ಪಾಲ್ ಫ್ಲೆಚರ್ ಜೊತೆ, ಸೈಕೋಸಿಸ್ (ಇಲ್ಲದ್ದು ಕಾಣೋ, ಕೇಳಿಸೋ ಮಾನಸಿಕ ಸ್ಥಿತಿ) ಅನುಭವಿಸಿದವರ ಜೊತೆ ಕೂತು ಕೆಲಸ ಮಾಡಿದ್ದಾರೆ. ಸಂಬಂಧವೇ ಇಲ್ಲದ ವಸ್ತುಗಳ ನಡುವೆ ಒಂದು ಅರ್ಥ, ತನಗೇ ಅಂತ ಇಟ್ಟ ಒಂದು ಗುರುತು ಕಾಣೋದು ಆ ಸ್ಥಿತಿಯ ಒಂದು ಲಕ್ಷಣ. ನೀವು ತೊಲೆ ಮತ್ತು ನೆರಳಿನಲ್ಲಿ ಅಕ್ಷರ ಹುಡುಕ್ತಿದ್ದೀರಲ್ಲ, ಅದೇ ಅದು.

ಕೊಳೆತದ ಬಗ್ಗೆ: ಬೇಕಂತಲೇ ಮತ್ತೆ ಮತ್ತೆ ಸೋತು ಪರೀಕ್ಷೆ ಮಾಡಿದವರಿದ್ದಾರೆ. ಸೇವ್ ಅಳಿಸಿಹೋಗಲ್ಲ. ಧೈರ್ಯವಾಗಿ ಆಡಿ.

ಕತ್ತಿವರಸೆ:

ಕೊನೇ ಸಾಲನ್ನು ನೀವು ಹೇಳಬಾರದಿತ್ತು ಶಬ್ದವೇಧಿಯವರೇ. ಆ ಹೆದರಿಕೆ ಇದ್ದಿದ್ದಕ್ಕೇ ಪ್ರತಿ ಕಾದಾಟದಲ್ಲೂ ನನ್ನ ಕೈ ಬೆವರ್ತಿತ್ತು. ಆದರೂ ಅವರು ಕೇಳಿದ್ದಾರೆ, ಭಯದಿಂದ ಆಟವನ್ನೇ ಬಿಡೋದಕ್ಕಿಂತ ಗೊತ್ತಾಗಿದ್ದೇ ವಾಸಿ.

ನಾನು ಮುಗಿಸಿದ್ದೇನೆ, ಮತ್ತೆ ಆಡಲ್ಲ. ಕಾರಣ ಕಾದಾಟ. ಲಘು ಏಟು, ಭಾರಿ ಏಟು, ಒದೆತ, ತಡೆ, ಪಕ್ಕಕ್ಕೆ ಹಾರೋದು, ಸೊಂಟದ ಕನ್ನಡಿ ಹೊಳೆದಾಗ ಕಾಲವನ್ನು ನಿಧಾನ ಮಾಡೋದು. ಮೊದಲ ಒಂದು ಗಂಟೆಯಲ್ಲಿ ಕಲಿತಿದ್ದೇ ಕೊನೆವರೆಗೂ. ಸರಿಯಾದ ಕ್ಷಣಕ್ಕೆ ತಡೆದು ತಿರುಗಿ ಹೊಡೆದಾಗ ಆ ಏಟಿನ ಭಾರ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎದುರಾಳಿಗಳು ನಾಲ್ಕೈದು ಬಗೆ, ಅವರೇ ತಿರುಗಿ ತಿರುಗಿ ಬರ್ತಾರೆ. ಕ್ಯಾಮೆರಾ ಅವಳ ಭುಜಕ್ಕೇ ಅಂಟಿಕೊಂಡಿರುತ್ತೆ, ಮೂವರು ಸುತ್ತುವರಿದರೆ ಇಬ್ಬರು ಕಾಣೋದೇ ಇಲ್ಲ. ಮುಂದೆ ಹೆಣಗಳ ಸಮುದ್ರ ಅಂತ ಒಂದು ಜಾಗ ಬರುತ್ತೆ. ನೋಡೋಕೆ ಎದೆ ನಡುಗಿಸುತ್ತೆ. ಅಲ್ಲಿ ಒಬ್ಬರ ಹಿಂದೆ ಒಬ್ಬರು ಬರ್ತಾನೇ ಇರ್ತಾರೆ, ಕೊನೆಕೊನೆಗೆ ಭಯ ಹೋಗಿ ಬೆರಳುನೋವು ಉಳೀತು.

ರೂನ್ ಹುಡುಕಾಟಕ್ಕೆ ಅರ್ಥ ಇದೆ ಅಂದಿರಿ, ಒಪ್ತೀನಿ. ಅರ್ಥ ಇದ್ದ ಮಾತ್ರಕ್ಕೆ ಆಡೋಕೆ ಚೆನ್ನಾಗಿರಬೇಕು ಅಂತೇನಿಲ್ಲ. ಅದೇ ಅರ್ಥವನ್ನು ಮೂರು ಬಾಗಿಲಲ್ಲಿ ಹೇಳಬಹುದಿತ್ತು.

ಕೇಳಿದವರಿಗೆ ನನ್ನ ಸಲಹೆ: ಡಿಫಿಕಲ್ಟಿ ಆಟೋದಲ್ಲಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಈಸಿಗೆ ಹಾಕಿ. ಕಥೆಗೆ ಏನೂ ನಷ್ಟ ಇಲ್ಲ. ದಾರಿಯಲ್ಲಿ ಸೆನುವಾಳ ಗೆಳೆಯನಾಗಿದ್ದ ಡ್ರೂತ್ ನಾರ್ಸ್ (ಆ ಉತ್ತರದವರ) ಪುರಾಣ ಹೇಳೋ ಕಲ್ಲುಗಳು ಸಿಕ್ತವಲ್ಲ, ಒಟ್ಟು 44 ಇವೆ. ಎಲ್ಲವನ್ನೂ ಕೇಳಿದರೆ ಕೊನೆಯಲ್ಲಿ ಒಂದು ದೃಶ್ಯ ಹೆಚ್ಚಿಗೆ ಸಿಗುತ್ತೆ. ದಾಟಿಬಂದ ಜಾಗಕ್ಕೆ ವಾಪಸ್ ಹೋಗೋಕೆ ಆಗಲ್ಲ, ಬಿಟ್ಟಿದ್ದರೆ ಬಿಟ್ಟಹಾಗೇ.

ಅಣ್ಣನ ತಂಗಿ:

ಇಲ್ಲಿ ಬರೆಯೋದೋ ಬೇಡವೋ ಅಂತ ಯೋಚಿಸಿ ಬರೀತಿದ್ದೀನಿ. ನಮ್ಮಣ್ಣನಿಗೆ ಎಷ್ಟೋ ವರ್ಷದಿಂದ ಧ್ವನಿಗಳು ಕೇಳಿಸ್ತವೆ. ಚಿಕಿತ್ಸೆ ನಡೀತಿದೆ, ಕೆಲಸಕ್ಕೆ ಹೋಗ್ತಾನೆ, ಚೆನ್ನಾಗಿದ್ದಾನೆ. ಈ ಗೇಮ್ ಆಡಿದ್ದು ನಾನು, ಅವನಲ್ಲ. ಅವನಿಗೆ ಆಡು ಅಂತ ನಾನು ಹೇಳೋದೂ ಇಲ್ಲ.

ಕಾದಾಟ ಸಪ್ಪೆ, ಪಝಲ್ ಜಾಸ್ತಿ ಅನ್ನೋದು ನನಗೂ ಅನ್ನಿಸಿತು. ಆದರೆ ಒಂದು ವಿಷಯವನ್ನು ಇವರು ಎಷ್ಟು ಸರಿಯಾಗಿ ಹಿಡಿದಿದ್ದಾರೆ ಅಂದರೆ, ಎರಡು ಸಲ ಆಟ ನಿಲ್ಲಿಸಿ ಎದ್ದುಹೋದೆ. ಧ್ವನಿಗಳು ಸೆನುವಾ ಜೊತೆ ಮಾತ್ರ ಮಾತಾಡಲ್ಲ, ಅವಳ ಬಗ್ಗೆ ತಮ್ಮತಮ್ಮಲ್ಲೇ ಮಾತಾಡ್ಕೊಳ್ತವೆ. "ಇವಳ ಕೈಲಾಗಲ್ಲ", "ಇಲ್ಲ, ಮಾಡ್ತಾಳೆ ನೋಡು", "ವಾಪಸ್ ಹೋಗ್ಲಿ". ಅವಳು ಎದುರಿಗೇ ಇದ್ದರೂ ಇಲ್ಲ ಅನ್ನೋ ಹಾಗೆ. ಅಣ್ಣ ಒಂದು ಸಲ ಹೇಳಿದ್ದು ಇದನ್ನೇ: "ಬೈದರೆ ತಡ್ಕೋಬಹುದು, ನನ್ನ ಬಗ್ಗೆ ಚರ್ಚೆ ಮಾಡ್ತಾರಲ್ಲ, ಅದು ತಡೆಯೋಕೆ ಆಗಲ್ಲ." ಆ ವಯಸ್ಸಿನಲ್ಲಿ ನನಗೆ ಅದು ಅರ್ಥ ಆಗಿರಲಿಲ್ಲ. ಅವನು ಮಲಗುವಾಗ ರೇಡಿಯೋ ಸಣ್ಣಗೆ ಹಾಕಿಟ್ಟುಕೊಳ್ಳೋದು ಯಾಕೆ ಅಂತಲೂ ಅರ್ಥ ಆಗಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಸೆನುವಾ ಜೊತೆ ನಡೆದಾಗ, ಯಾವ ಧ್ವನಿಯೂ ಮಾತು ಮುಗಿಸದೆ ಇನ್ನೊಂದು ಮೇಲೇರಿ ಬಂದಾಗ, ಮೌನ ಇರೋ ಜಾಗದಲ್ಲಿ ಅವನಿಗೆ ಯಾಕೆ ಕಷ್ಟ ಅಂತ ಮೊದಲ ಸಲ ಹೊಳೀತು.

ಮುಂದಿನ ಪ್ಯಾರಾದಲ್ಲಿ ಕಥೆಯ ಮಧ್ಯಭಾಗದ ವಿಷಯ ಇದೆ. ಬೇಡದವರು ಬಿಟ್ಟು ಓದಿ.

ಸೆನುವಾ ಅಪ್ಪ ಜಿನ್‌ಬೆಲ್. ಮಗಳಿಗೆ ಶಾಪ ತಟ್ಟಿದೆ ಅಂತ ನಂಬಿ ಅವಳನ್ನು ಜನರಿಂದ ದೂರ ಕೂಡಿಹಾಕ್ತಾನೆ. ಅವಳೊಳಗಿನ ಧ್ವನಿಗಳಲ್ಲಿ ಅತ್ಯಂತ ಭಯಾನಕವಾದದ್ದು ಎಲ್ಲಿಂದ ಬಂತು ಅನ್ನೋದು ನಿಧಾನವಾಗಿ ತಿಳಿಯುತ್ತೆ. ಕಾಯಿಲೆಗಿಂತ ಹೆಚ್ಚು ಗಾಯ ಮಾಡಿದ್ದು ಸುತ್ತಲಿನವರು ಅದಕ್ಕೆ ಕೊಟ್ಟ ಹೆಸರು. ಇದನ್ನು ಗೇಮ್ ಭಾಷಣ ಮಾಡದೆ ಹೇಳುತ್ತೆ. ಡಿಲಿಯನ್ ಮಾತ್ರ ಅವಳನ್ನು ಸರಿಮಾಡೋಕೆ ಹೋಗದೆ ಪಕ್ಕದಲ್ಲಿ ನಿಂತ. ಅವಳು ಅವನಿಗಾಗಿ ಸತ್ತವರ ಲೋಕಕ್ಕೇ ಹೋಗ್ತಾಳೆ ಅಂದರೆ ನನಗೆ ಸೋಜಿಗ ಅನ್ನಿಸಲಿಲ್ಲ.

ನನ್ನ ತಕರಾರೂ ಇದೆ. ಇಡೀ ಗೇಮ್‌ನಲ್ಲಿ ಅವಳ ಪಾಡು ಒಂದೇ ಸಮನೆ ತಾರಕದಲ್ಲಿದೆ. ಬೆಂಕಿ, ರಕ್ತ, ಕಿರುಚಾಟ. ನಮ್ಮನೆಯಲ್ಲಿ ಹೆಚ್ಚಿನ ದಿನಗಳು ಹಾಗಿಲ್ಲ. ಬಟ್ಟೆ ಮಡಚ್ತಾ, ಬಿಲ್ ಕಟ್ತಾ, ಧ್ವನಿಯನ್ನು ಪಕ್ಕಕ್ಕೆ ಸರಿಸಿ ದಿನ ತಳ್ಳೋದು ಇರುತ್ತಲ್ಲ, ಅದಕ್ಕೆ ಈ ಥರದ ಫ್ಯಾಂಟಸಿಯಲ್ಲಿ ಜಾಗವೇ ಇಲ್ಲ. ಇದೊಂದನ್ನೇ ನೋಡಿ "ಓ, ಸೈಕೋಸಿಸ್ ಅಂದರೆ ಇದು" ಅಂತ ಯಾರಾದರೂ ತೀರ್ಮಾನಕ್ಕೆ ಬಂದರೆ ನನಗೆ ನೋವಾಗುತ್ತೆ.

ಸೆನುವಾ ಪಾತ್ರ ಮಾಡಿದ ಮೆಲಿನಾ ಯುರ್ಗೆನ್ಸ್ ಆ ಕಂಪನಿಯ ವಿಡಿಯೋ ಎಡಿಟರ್ ಆಗಿದ್ದವರು. ಪರೀಕ್ಷೆಗೆ ಅಂತ ಕ್ಯಾಮೆರಾ ಮುಂದೆ ನಿಲ್ಲಿಸಿ, ಕೊನೆಗೆ ಅವರನ್ನೇ ಉಳಿಸಿಕೊಂಡರು. 2018ರಲ್ಲಿ ಬ್ರಿಟನ್ನಿನ ಬಾಫ್ಟಾ ನಟನಾ ಪ್ರಶಸ್ತಿ ಬಂತು. ಅವರ ಕಣ್ಣು ಕ್ಯಾಮೆರಾದ ಆಚೆ ಏನನ್ನೋ ಹುಡುಕೋ ರೀತಿ ಗಮನಿಸಿ. ಗೇಮ್ ಜೊತೆಗೇ ಒಂದು ಸಣ್ಣ ಸಾಕ್ಷ್ಯಚಿತ್ರ ಇದೆ, ಅದನ್ನು ಪೂರ್ತಿ ಮುಗಿಸಿದ ಮೇಲೆ ನೋಡಿ.

ಮಂಜುಹಾದಿ:

ಎರಡನೇ ಭಾಗದ ಬಗ್ಗೆ ಮಾತ್ರ ಹೇಳ್ತೀನಿ. 2024ರ ಮೇನಲ್ಲಿ ಬಂತು, ಎಕ್ಸ್‌ಬಾಕ್ಸ್ ಸೀರೀಸ್ ಮತ್ತು ಪಿಸಿಗೆ. ಕಥೆ ನಡೆಯೋದು ಹತ್ತನೇ ಶತಮಾನದ ಐಸ್‌ಲ್ಯಾಂಡ್‌ನಲ್ಲಿ. ಕಾದಾಟ ಒಬ್ಬರ ಎದುರು ಒಬ್ಬರೇ. ಪ್ರತಿ ಏಟೂ ತೂಕದ್ದು, ಆದರೆ ನಿಮ್ಮ ಕೈಗೆ ಕೆಲಸ ಇನ್ನೂ ಕಮ್ಮಿ. ಆಕಾರ ಹುಡುಕೋದು ಅಲ್ಲೂ ಇದೆ. ಕಲ್ಲು, ನೀರು, ಮುಖದ ಚರ್ಮ ನೋಡಿದರೆ ಉಸಿರು ನಿಲ್ಲುತ್ತೆ. ನನಗೆ ಕಥೆ ತೆಳುವಾಯಿತು. ಮೊದಲನೆಯದರಲ್ಲಿ ಅವಳಿಗೆ ಒಂದೇ ಒಂದು ಆಸೆ ಇತ್ತು, ಅದು ಇಡೀ ಆಟವನ್ನು ಎಳೆದುಕೊಂಡು ಹೋಯಿತು. ಎರಡನೆಯದರಲ್ಲಿ ಆ ಎಳೆತ ಇಲ್ಲ. ಮೊದಲನೆಯದನ್ನು ಮುಗಿಸದೆ ಅದಕ್ಕೆ ಕೈ ಹಾಕಬೇಡಿ.

ಇರುಳುಗಣ್ಣು:

ಎಲ್ಲರಿಗೂ ಥ್ಯಾಂಕ್ಸ್. ಹೆಡ್‌ಫೋನ್ ಮೊದಲಿನಿಂದಲೂ ಇತ್ತು ಶಬ್ದವೇಧಿ. ಕತ್ತಿವರಸೆಯವರು ಹೇಳಿದ ಹಾಗೆ ಈಸಿಗೆ ಹಾಕಿ ಮತ್ತೆ ಶುರು ಮಾಡಿದೆ.

ಕುರುಡು ಪರೀಕ್ಷೆ ಮುಗೀತು. ಪರದೆ ಹೆಚ್ಚುಕಮ್ಮಿ ಕಪ್ಪು. ಕಣ್ಣಿಗೆ ಸಿಗೋದು ಮಸುಕು ಬೆಳಕಿನ ಚೂರುಗಳು ಮಾತ್ರ, ಅವೂ ನಂಬೋಹಾಗಿಲ್ಲ. ಡಿಲಿಯನ್ ಧ್ವನಿ ಅವಳಿಗೆ ಕೇಳಿಸಿಕೋ ಅನ್ನುತ್ತೆ. ಎಲ್ಲೋ ಹತ್ತಿರದಲ್ಲೇ ಯಾವುದೋ ಪ್ರಾಣಿ ಉಸಿರು ಬಿಡ್ತಿದೆ, ಕೈಯಲ್ಲಿ ಕಂಟ್ರೋಲರ್ ನಡುಗ್ತಿದೆ. ನಾನು ಸ್ಟಿಕ್ಕನ್ನು ಕೂದಲೆಳೆಯಷ್ಟು ಮುಂದೆ ಒತ್ತಿ, ನಿಂತು, ಕೇಳಿ, ಮತ್ತೆ ಒತ್ತಿ ಹೋದೆ. ಒಂದೂ ಕಾದಾಟ ಇಲ್ಲ, ಒಂದೂ ಬಾಗಿಲಿಲ್ಲ. ಈ ಗೇಮ್ ತನ್ನ ಕಥೆಯನ್ನೂ ಆಟವನ್ನೂ ಒಂದೇ ಮಾಡಿದ ಜಾಗ ಇದು. ನನ್ನ ದೂರು ಇದರಿಂದ ಇನ್ನೂ ಜಾಸ್ತಿಯೇ ಆಯಿತು: ಇಂಥದ್ದನ್ನು ಮಾಡಬಲ್ಲ ತಂಡ ಅಷ್ಟೊಂದು ಹೊತ್ತು ನಮ್ಮನ್ನು ಬಾಗಿಲ ಮುಂದೆ ಯಾಕೆ ನಿಲ್ಲಿಸಬೇಕಿತ್ತು?

ಅಣ್ಣನ ತಂಗಿ, ನೀವು ಬರೆದಿದ್ದಕ್ಕೆ ಬೇರೆಯಾಗಿಯೇ ಕೃತಜ್ಞತೆ. ಆ ಒಂದು ಪ್ಯಾರಾ ಮಾತ್ರ ಬಿಟ್ಟು ಉಳಿದಿದ್ದೆಲ್ಲ ಓದಿದೆ. ಧ್ವನಿಗಳು ಅವಳ ಬಗ್ಗೆ ತಮ್ಮಲ್ಲೇ ಮಾತಾಡ್ಕೊಳ್ಳೋದನ್ನ ನಾನು ಇಷ್ಟು ದಿನ ಗುಂಪಿನ ಗದ್ದಲ ಅಂತಲೇ ಕೇಳಿಸಿಕೊಂಡಿದ್ದೆ. ಈಗ ಯಾರು ಅವಳ ಪರ, ಯಾರು ವಿರೋಧ ಅಂತ ಬೇರೆಬೇರೆಯಾಗಿ ಕೇಳಿಸ್ತಿದೆ, ಒಬ್ಬಳಂತೂ ಯಾವಾಗಲೂ ಹೆದರಿಕೊಂಡೇ ಇರ್ತಾಳೆ. ಆ ಪ್ಯಾರಾ, ಸಾಕ್ಷ್ಯಚಿತ್ರ ಎರಡೂ ಮುಗಿಸಿದ ಮೇಲೆ. ಎರಡನೇ ಭಾಗ ಸದ್ಯಕ್ಕೆ ಬೇಡ.

ಕತ್ತಿವರಸೆಯವರಿಗೆ ಒಂದು ಪ್ರಶ್ನೆ: ಡ್ರೂತ್ ಕಲ್ಲುಗಳಲ್ಲಿ ಸುರ್ಟ್ ಭಾಗದಲ್ಲಿ ಓಡುವ ಭರದಲ್ಲಿ ಕೆಲವು ಬಿಟ್ಟಿದ್ದೀನಿ ಅನ್ಸುತ್ತೆ. ಆ ಹೆಚ್ಚಿನ ದೃಶ್ಯ ಡ್ರೂತ್ ಬಗ್ಗೆಯಾ, ಸೆನುವಾ ಬಗ್ಗೆಯಾ? ಅಷ್ಟು ಮಾತ್ರ ಹೇಳಿ. ಡ್ರೂತ್ ಬಗ್ಗೆ ಆದರೆ ಮತ್ತೆ ಮೊದಲಿಂದ ಆಡೋಕೂ ನಾನು ತಯಾರು.