1 ಮಿಮೀ ಡ್ರಿಲ್ ಬಿಟ್ ನಿಲ್ಲೋದೇ ಇಲ್ಲ: ಸ್ಕ್ರಾಲ್ ಸಾ ಕೆಲಸಕ್ಕೆ ಯಾವುದು ತರಬೇಕು, ಎಲ್ಲಿ ಸಿಗುತ್ತೆ?

ಸಿಬಿರು:
ಸ್ಕ್ರಾಲ್ ಸಾದಲ್ಲಿ (ಎಳೆಯಂಥ ಬ್ಲೇಡು ಮೇಲೆ ಕೆಳಗೆ ಆಡೋ ಗರಗಸದ ಯಂತ್ರ) ಕನ್ನಡ ಅಕ್ಷರದ ನಾಮಫಲಕ ಮತ್ತು ಜಾಲಿ ಕೆಲಸ. ಹೆಚ್ಚಾಗಿ 6 ಮಿಮೀ ಪ್ಲೈ, ಆಗಾಗ 18 ಮಿಮೀ ತೇಗ. ಬ್ಲೇಡು ತುದಿಯಲ್ಲಿ ಪಿನ್ ಇಲ್ಲದ್ದು: 3, 5ನೇ ನಂಬರ್, ನಯದ ಕೆಲಸಕ್ಕೆ 2/0. ಒಳಗಿನ ಕೊರೆತಕ್ಕೆ ಬ್ಲೇಡು ತೂರಿಸಲು ಸಣ್ಣ ತೂತು ಬೇಕಲ್ಲ, ಅಲ್ಲೇ ತೊಂದರೆ. ಡ್ರಿಲ್ ಪ್ರೆಸ್‌ನ 13 ಮಿಮೀ ಚಕ್ (ಬಿಟ್ ಕಚ್ಚಿ ಹಿಡಿಯೋ ದವಡೆ) 1 ಮಿಮೀ ಬಿಟ್ಟನ್ನ ಹಿಡಿಯೋದಿಲ್ಲ, ಕೈಡ್ರಿಲ್‌ಗೆ ಹಾಕಿದರೆ ಟಕ್ ಅಂತ ಮುರಿಯುತ್ತೆ. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ 2 ಮಿಮೀಗಿಂತ ಸಣ್ಣದು ಇಲ್ಲ. ಯಾವ ಅಳತೆ, ಕಾರ್ಬೈಡೋ ಎಚ್‌ಎಸ್‌ಎಸ್ಸೋ (ಹೈ ಸ್ಪೀಡ್ ಸ್ಟೀಲ್), ಎಲ್ಲಿ ಸಿಗುತ್ತೆ?

ಬೀಟೆ_ಕೊರೆತ:
ಬಿಟ್ ಆಮೇಲೆ, ಮೊದಲು ಬ್ಲೇಡು ಅಳೀರಿ. ವರ್ನಿಯರ್‌ನಲ್ಲಿ ಹಲ್ಲಿನ ತುದಿಯಿಂದ ಬೆನ್ನಿನವರೆಗೆ. 2/0 ಸುಮಾರು 0.6 ಮಿಮೀ, 3ನೇ ನಂಬರ್ 0.9, 5 ಹತ್ತಿರ ಹತ್ತಿರ 1, 7 ಅಂದರೆ 1.15. ತಯಾರಕರು ಬದಲಾದರೆ ಸ್ವಲ್ಪ ಆಚೀಚೆ ಆಗುತ್ತೆ. ಇದಕ್ಕೆ 0.2, 0.3 ಸೇರಿಸಿದರೆ ಬಿಟ್ ಅಳತೆ ಬಂತು: 0.8, 1.2, 1.3, 1.5. ಈ ನಾಲ್ಕರಲ್ಲಿ ಒಂದೊಂದು ಅಳತೆಯದು ಹತ್ತು ತಗೊಳ್ಳಿ. 0.3ರಿಂದ 3ರವರೆಗಿನ ಬಂಗಾರದ ಬಣ್ಣದ ಸೆಟ್ಟು ಡಬ್ಬಿಯಲ್ಲಿ ನೋಡೋಕೆ ಚೆಂದ, ಅಷ್ಟೆ.

ಇನ್ನೊಂದು. ಬ್ಲೇಡಿನ ತುದಿಯನ್ನ ಬೆರಳಲ್ಲಿ ಸವರಿ ನೋಡಿ. ಕತ್ತರಿಸಿದ ಜಾಗದಲ್ಲಿ ಸಣ್ಣ ಮುಳ್ಳು ಎದ್ದಿರುತ್ತೆ. ಅದರಿಂದಲೇ 1 ಮಿಮೀ ಬ್ಲೇಡು 1.2 ತೂತಿಗೆ ಇಳಿಯಲ್ಲ ಅಂತ ಹಟ ಹಿಡಿಯೋದು. ಹಲ್ಲಿಲ್ಲದ ಆ ತುದಿಯನ್ನ ಸಾಣೆಕಲ್ಲಿಗೆ ನಾಲ್ಕು ಸಲ ಉಜ್ಜಿ ಮೂಲೆ ಓರೆ ಮಾಡಿ, ಸಲೀಸಾಗಿ ಇಳಿಯುತ್ತೆ.

ಎಸ್‌ಪಿ_ರೋಡ್_ಗಿರಾಕಿ:
ಪಿಸಿಬಿ ಬಿಟ್ ತಗೊಳ್ಳಿ, ತಲೆನೋವು ಮುಗೀತು. ಎಲೆಕ್ಟ್ರಾನಿಕ್ ಬೋರ್ಡಿಗೆ ತೂತು ಹಾಕೋ ಗಟ್ಟಿ ಕಾರ್ಬೈಡ್ ಬಿಟ್ಟು. ಬಿಟ್ಟು ಎಷ್ಟೇ ಸಣ್ಣದಿರಲಿ, ಚಕ್ ಹಿಡಿಯೋ ದಂಡು, ಅಂದರೆ ಶ್ಯಾಂಕ್, ಮಾತ್ರ 3.175 ಮಿಮೀ, ಅಂದರೆ 1/8 ಇಂಚು. ನಿಮ್ಮ 13 ಮಿಮೀ ಚಕ್ಕೇ ಹಿಡಿಯುತ್ತೆ, ಬೇರೆ ಏನೂ ಬೇಡ. ಒಟ್ಟು ಉದ್ದ 38 ಮಿಮೀ. ಕತ್ತಿನ ಹತ್ತಿರ ಬಣ್ಣದ ಪ್ಲಾಸ್ಟಿಕ್ ಉಂಗುರ, ಹತ್ತರ ಡಬ್ಬಿ. ಪ್ಲೈ ಒಳಗಿನ ಅಂಟು, ಎಂಡಿಎಫ್ ಎರಡೂ ಎಚ್‌ಎಸ್‌ಎಸ್ ಮೊನೆಯನ್ನ ಬೇಗ ತಿಂದುಹಾಕುತ್ತೆ. ಕಾರ್ಬೈಡ್‌ಗೆ ಅದು ಲೆಕ್ಕಕ್ಕಿಲ್ಲ. ಬೆಂಗಳೂರಾದರೆ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿಗಳಲ್ಲಿ ‘ಪಿಸಿಬಿ ಡ್ರಿಲ್ 1.2’ ಅಂತ ಕೇಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಮುಖ ನೋಡ್ತಾರೆ.

ಉಜ್ಜುಗೊರಡು_ಧಾರವಾಡ:
ಗಿರಾಕಿ ಸಾಹೇಬ್ರ, ಅರ್ಧಾ ಹೇಳೀರಿ. ಕಾರ್ಬೈಡ್ ಬಗ್ಗೂದಿಲ್ಲ, ಸೀದಾ ಮುರೀತೈತಿ. ಅವ್ರು ಕೈಡ್ರಿಲ್ ಹಿಡ್ಯೋ ಮಂದಿ ಅಂತ ಮ್ಯಾಲ ಬರ್ದಾರ. ಕೈ ಒಂದೀಟ ವಾಲಿದ್ರ ಸಾಕು, ಹತ್ತರ ಡಬ್ಬಿ ಒಂದು ಮುಂಜಾನ್ಯಾಗ ಖಾಲಿ. ಅದಕ್ಕ ಗಟ್ಟಿ ಸ್ಟ್ಯಾಂಡ್ ಬೇಕು, ಸ್ಪಿಂಡಲ್ ಅಲ್ಲಾಡಬಾರದು, ಹಲಗಿ ಸರೀಬಾರದು. ಮುರಿದ ಚೂರು ಕಣ್ಣಿಗೆ ಹಾರ್ತೈತಿ, ಕನ್ನಡಕಾ ಇಲ್ದ ಮುಟ್ಟಬ್ಯಾಡ್ರಿ.

ಎಚ್‌ಎಸ್‌ಎಸ್ ಒಂದೀಟ ಬಗ್ಗತೈತಿ, ತಪ್ಪು ಹೊಟ್ಟ್ಯಾಗ ಹಾಕ್ಕೊಂತೈತಿ. ಅಡಿಸನ್ನು, ಮಿರಾಂಡಾ ಇಂಥಾ ನಮ್ಮ ದೇಶದ್ದ ತಗೊಂಡ್ರ ಮೊನಿ ಎರಡೂ ಕಡಿ ಸಮ ಇರ್ತಾವ. ಹೆಸರಿಲ್ದ ಸೆಟ್ಟು ತಗೊಂಡ್ರ ಕನ್ನಡಿ ಮ್ಯಾಲ ಉಳ್ಳಿಸಿ ನೋಡ್ರಿ, ಕುಂಟಿದ್ರ ಬಾಜೂಕ ಒಗೀರಿ. ಸಣ್ಣ ಪಿನ್ ವೈಸ್ (ಸಣ್ಣ ಬಿಟ್ಟು ಹಿಡ್ಯೋ ಕೈಚಕ್ಕು) ತಂದು ಅದರ ದಂಡಾನ ದೊಡ್ಡ ಚಕ್ಕಿನ್ಯಾಗ ಕಚ್ಚಸ್ರಿ, 0.5 ಬಿಟ್ಟೂ ನಿಲ್ತೈತಿ. ಏನೂ ಸಿಗ್ಲಿಲ್ಲಂದ್ರ 1.2 ಮಿಮೀ ದಪ್ಪದ ಮೊಳಿ ತಲಿ ಕತ್ತರ್ಸಿ ಮೊನಿ ಚಪ್ಪಟಿ ಉಜ್ಜಿದ್ರೂ ನಡೀತೈತಿ.

ಹಲಸಿನ_ಹಲಗೆ:
ಮೊಳೆ ಮೆದು ಮರಕ್ಕೆ ಆಗ್ತದೆ ಮಾರಾಯ್ರೆ, ತೇಗಕ್ಕೆ ಬೇಡ. ಅದು ಕೊರೆಯುವುದಿಲ್ಲ, ಉಜ್ಜಿ ಸುಡ್ತದೆ. ಪುಡಿ ಹೊರಗೆ ಬರಲಿಕ್ಕೆ ದಾರಿಯೇ ಇಲ್ಲವಲ್ಲ.

ಯಾರೂ ಫ್ಲೂಟಿನ, ಅಂದರೆ ಪುಡಿ ಹೊರಗೆ ಬರುವ ಸುರುಳಿ ತೋಡಿನ, ಉದ್ದದ ಬಗ್ಗೆ ಮಾತಾಡ್ಲಿಲ್ಲ. 18 ಮಿಮೀ ತೇಗದಲ್ಲಿ ಬಿಟ್ ಮುರಿಯುವುದು ಅಲ್ಲಿ. ಸಾಮಾನ್ಯ ಉದ್ದದ ಎಚ್‌ಎಸ್‌ಎಸ್ 1 ಮಿಮೀ ಬಿಟ್ ಒಟ್ಟು 34 ಮಿಮೀ, ಅದರಲ್ಲಿ ಸುರುಳಿ ತೋಡು ಇರುವುದು 12 ಮಾತ್ರ. 12 ದಾಟಿದ ಮೇಲೆ ಪುಡಿ ಒಳಗೇ ಗಟ್ಟಿಯಾಗಿ ಬಿಟ್ಟನ್ನು ಹಿಡ್ಕೊಳ್ತದೆ, ನೀವು ಒತ್ತುತ್ತೀರಿ, ಟಕ್. 1.5ಕ್ಕೆ ಫ್ಲೂಟ್ 18, 2ಕ್ಕೆ 24. ಪಿಸಿಬಿ ಬಿಟ್ಟಿನಲ್ಲಿ ಹತ್ತು ಹನ್ನೆರಡು ಇದ್ದರೆ ಹೆಚ್ಚು. ಹಾಗಾಗಿ 6 ಮಿಮೀ ಪ್ಲೈಗೆ ಪಿಸಿಬಿ ಬಿಟ್ ಸರಿ, 18ಕ್ಕೆ ತಲಪುವುದೇ ಇಲ್ಲ.

ಅದಕ್ಕಿಂತ ಮೊದಲು, 18 ಮಿಮೀ ತೇಗಕ್ಕೆ 3ನೇ ನಂಬರ್ ಬ್ಲೇಡು ಯಾಕೆ? 7 ಹಾಕಿ. 7ಕ್ಕೆ 2 ಮಿಮೀ ತೂತು ಆರಾಮ, 2 ಮಿಮೀ ಬಿಟ್ಟು ಎಲ್ಲ ಅಂಗಡಿಯಲ್ಲೂ ಉಂಟು. ನಿಮ್ಮ ಸಮಸ್ಯೆ ಅರ್ಧ ಅಲ್ಲೇ ಹೋಯ್ತು.

ಎಸ್‌ಪಿ_ರೋಡ್_ಗಿರಾಕಿ:
ಫ್ಲೂಟ್ ಮಾತು ಒಪ್ಪಿದೆ. ಆದರೆ ಉದ್ದದ ಎಚ್‌ಎಸ್‌ಎಸ್ ಕೂಡ ಸಿಗುತ್ತೆ, ಡಿನ್ 340 ಅಂತ ಕೇಳಿ. 1 ಮಿಮೀ ಬಿಟ್ಟಿಗೆ 33 ಮಿಮೀ ಫ್ಲೂಟ್.

ಹಲಸಿನ_ಹಲಗೆ:
ಅದು ಬಳುಕ್ತದೆ. ಮೊದಲು ಗಿಡ್ಡ ಬಿಟ್ಟಿನಲ್ಲಿ 8–10 ಮಿಮೀ ಇಳಿಸಿ ದಾರಿ ಮಾಡಿ, ಆಮೇಲೆ ಉದ್ದದ್ದನ್ನು ಅದೇ ತೂತಿಗೆ ಬಿಡಬೇಕು. ಪ್ರತಿ 2 ಮಿಮೀಗೆ ಪೂರ್ತಿ ಮೇಲೆ ಎತ್ತಿ ಪುಡಿ ಊದಿ. ನಾಮಫಲಕಕ್ಕೆ ಇಷ್ಟು ಕಷ್ಟ ಯಾಕೆ ಅಂತ ನನ್ನ ಪ್ರಶ್ನೆ.

ಬೀಟೆ_ಕೊರೆತ:
ಹಲಸಿನವರು ಸರಿಯಾದ ಜಾಗಕ್ಕೆ ಬಂದ್ರು. ತೂತು ಬೀಳೋದು ಬಿಸಾಡೋ ತುಂಡಿನಲ್ಲಿ. 40 ಮಿಮೀ ಎತ್ತರದ ‘ರ’ ತಗೊಳ್ಳಿ, ಅದರ ಹೊಟ್ಟೆಯೊಳಗೆ 3 ಮಿಮೀ ತೂತಿಗೂ ಬೇಕಾದಷ್ಟು ಜಾಗ ಇದೆ. ಗೆರೆಯಿಂದ 2 ಮಿಮೀ ದೂರ ಇದ್ದರೆ ಸಾಕು. ಒತ್ತಕ್ಷರದ ಸಣ್ಣ ಸಂದು, ಜಾಲಿಯ ಚೂಪು ಮೂಲೆ, ಇಂಥ ಕಡೆ ಮಾತ್ರ 0.8, 1.2 ತೆಗೀರಿ. ಜಾಗ ಎಷ್ಟು ದೊಡ್ಡ ತೂತು ತಡೆಯುತ್ತೋ ಅಷ್ಟು ದೊಡ್ಡ ಬಿಟ್ಟು ಹಾಕೋದು. (ಅಂದಹಾಗೆ ‘ಠ’ ಇದ್ದರೆ ಒಳಗಿನ ಚುಕ್ಕೆಗೆ ಸೇತುವೆ ಬಿಡಿ, ಇಲ್ಲಾಂದ್ರೆ ಅದು ನೆಲದ ಮೇಲೆ ಸಿಗುತ್ತೆ.)

ಸಣ್ಣ ತೂತು ನಿಜವಾಗಿ ಬೇಕಾಗೋದು ಓರೆ ಇನ್‌ಲೇಗೆ. ಅಲ್ಲಿ ತೂತು ಗೆರೆಯ ಮೇಲೇ ಬರುತ್ತೆ, ದೊಡ್ಡದಾದರೆ ಕಣ್ಣಿಗೆ ಹೊಡೆಯುತ್ತೆ. ಎರಡು ಹಲಗೆ ಒಂದರ ಮೇಲೊಂದು ಇಟ್ಟು ಟೇಬಲ್ ಓರೆ ಮಾಡಿ ಕೊಯ್ದರೆ ಮೇಲಿನ ತುಂಡು ಕೆಳಗಿನದರಲ್ಲಿ ಬಿಗಿಯಾಗಿ ಕೂರುತ್ತೆ. ಕೋನದ ಸೈನ್ ಅಂದರೆ ಕೊಯ್ತದ ಅಗಲ ಭಾಗಿಸು ಒಂದು ಹಲಗೆಯ ದಪ್ಪ. 0.3 ಮಿಮೀ ಕೊಯ್ತ, 3 ಮಿಮೀ ಹಲಗೆ ಆದರೆ ಸುಮಾರು 5.7 ಡಿಗ್ರಿ. ತೂತನ್ನೂ ಅದೇ ಓರೆಗೆ ಹಾಕಬೇಕು. ನೆಟ್ಟಗೆ ಹಾಕಿದರೆ ಬ್ಲೇಡು ಒಂದು ಬದಿಗೆ ಒತ್ತಿ ಆರಂಭದಲ್ಲೇ ಸೊಟ್ಟ ಕೊಯ್ಯುತ್ತೆ.

ಅಟ್ಲಾಂಟಾ_ಬಡಗಿ:
ಇಲ್ಲಿಂದ ಯಾರ ಕೈಲಾದರೂ ತರಿಸೋರಿಗೆ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಸಣ್ಣ ಬಿಟ್ಟುಗಳಿಗೆ ನಂಬರ್, ನಂಬರ್ ಹೆಚ್ಚಾದಷ್ಟೂ ಬಿಟ್ಟು ಸಣ್ಣದು. 54 ಅಂದರೆ 1.4 ಮಿಮೀ, 56 ಅಂದರೆ 1.18, 60 ಅಂದರೆ 1.02, 80 ಅಂದರೆ 0.34. ಎಲ್ಲ ಕಡೆ ಅಗ್ಗಕ್ಕೆ ಸಿಗೋದು 61ರಿಂದ 80ರ ಡಬ್ಬಿ. ಅದರಲ್ಲಿ ದಪ್ಪನೆಯದೇ 0.99 ಮಿಮೀ, 5ನೇ ನಂಬರ್ ಬ್ಲೇಡು ಅದರಲ್ಲಿ ಸಲೀಸಾಗಿ ಇಳಿಯಲ್ಲ. ಬಿಡಿಯಾಗಿ 54, 56 ಮತ್ತು 1/16 ಇಂಚು ತರಿಸಿ. ರೋಟರಿ ಟೂಲ್ ಇದ್ದರೆ ಡ್ರೆಮೆಲ್ 4486 ಚಕ್ 0.8ರಿಂದ 3.2 ಮಿಮೀವರೆಗೆ ಹಿಡಿಯುತ್ತೆ. ಓಲಾಟ ಕಡಿಮೆ ಬೇಕಂದರೆ ಕಾಲೆಟ್ಟೇ (ಒಂದೊಂದು ಅಳತೆಗೆ ಒಂದೊಂದು ಇರೋ, ಬಿಟ್ ಹಿಡಿಯೋ ಸೀಳು ಕೊಳವೆ) ಮೇಲು.

ಉಜ್ಜುಗೊರಡು_ಧಾರವಾಡ:
ಚಕ್ ಅಂದ್ರ ನೆನಪಾತು. ಸಣ್ಣ ಬಿಟ್ಟು ಮೂರು ದವಡಿ ನಡುವ ಕೂಡದ, ಎರಡರ ಸಂದ್ಯಾಗ ಸಿಕ್ಕೊಂತೈತಿ. ಬಿಗಿ ಆಗೈತಿ ಅಂತ ಅನ್ನಸ್ತೈತಿ, ಆದ್ರ ತಿರುಗಿದಾಗ ಮೊನಿ ವರ್ತುಲಾ ಬಿಡಸ್ತೈತಿ. ಕೈಲೆ ತಿರುಗಿಸಿ ನೋಡಿ ಆಮ್ಯಾಲ ಸ್ವಿಚ್ ಹಾಕ್ರಿ. ಬಿಟ್ಟು 15 ಮಿಮೀ ಹೊರಗಿದ್ರ ಸಾಕು, ಉಳಿದದ್ದು ಚಕ್ಕಿನ ಒಳಗ.

ಸಿಬಿರು:
ವೇಗ ಎಷ್ಟು ಇಡಲಿ? ಸುಡುತ್ತೆ ಅಂತ ಕಡಿಮೆ ಇಟ್ಟಿದ್ದೆ.

ಬೀಟೆ_ಕೊರೆತ:
ಡ್ರಿಲ್ ಪ್ರೆಸ್‌ನಲ್ಲಿ ಎಷ್ಟಿದೆಯೋ ಅಷ್ಟೂ ಇಡಿ. 3000 ಸುತ್ತಿಗೆ 1 ಮಿಮೀ ಬಿಟ್ಟಿನ ಅಂಚು ನಿಮಿಷಕ್ಕೆ 9.4 ಮೀಟರ್ ಓಡುತ್ತೆ, 10 ಮಿಮೀ ಬಿಟ್ಟು 1000 ಸುತ್ತಿಗೇ 31 ಮೀಟರ್. ಸುಡೋದು ವೇಗದಿಂದಲ್ಲ, ಪುಡಿ ಸಿಕ್ಕಿಕೊಂಡು ಉಜ್ಜೋದರಿಂದ. ನಿಧಾನ ಸುತ್ತಿದರೆ ಒತ್ತಿ ಇಳಿಸಬೇಕಾಗುತ್ತೆ, ಆ ಒತ್ತಡಕ್ಕೇ ಸಣ್ಣ ಬಿಟ್ಟು ಮುರಿಯೋದು.

ಸಿಗೋ ಜಾಗದ ಬಗ್ಗೆ: ಎಚ್‌ಎಸ್‌ಎಸ್ ಸಣ್ಣ ಅಳತೆಗೆ ಎಸ್.ಜೆ.ಪಿ. ರೋಡಿನ ಮೆಷಿನ್ ಟೂಲ್ ಅಂಗಡಿ. ಬೇರೆ ಊರಾದರೆ ಅಕ್ಕಸಾಲಿಗರಿಗೆ ಸಾಮಾನು ಮಾರೋ ಅಂಗಡಿ ಹುಡುಕಿ. ಪಿನ್ ವೈಸ್, 1 ಮಿಮೀಗಿಂತ ಕೆಳಗಿನ ಬಿಟ್ಟು, ಸಣ್ಣ ಗರಗಸದ ಬ್ಲೇಡು ಮೂರೂ ಅಲ್ಲೇ ಸಿಗುತ್ತೆ.

ಹಲಸಿನ_ಹಲಗೆ:
ಅಡಿಗೆ ಬೇಡದ ಎಂಡಿಎಫ್ ತುಂಡು ಇಡದೆ ತೂತು ಹಾಕ್ಬೇಡಿ. ಇಲ್ಲದಿದ್ದರೆ ಹಿಂಬದಿ ಸಿಬಿರು ಎದ್ದು ಟೇಬಲ್ ಮೇಲೆ ಹಲಗೆ ಕೂರುವುದಿಲ್ಲ, ಬ್ಲೇಡು ಎಳೆದಾಗ ಕುಣಿಯುತ್ತದೆ. ಅಡಿಹಲಗೆಯನ್ನು ಪ್ರತಿ ತೂತಿಗೂ ಸ್ವಲ್ಪ ಸರಿಸಿ, ಹಳೆ ತೂತಿನ ಮೇಲೆ ಬಂದರೆ ಇಟ್ಟೂ ಪ್ರಯೋಜನ ಇಲ್ಲ. ಎಲ್ಲ ತೂತು ಆದ ಮೇಲೆ 180ರ ಉಪ್ಪುಕಾಗದದಲ್ಲಿ ಹಿಂಬದಿ ಒಮ್ಮೆ ಎಳೆಯಿರಿ. ಗುರುತಿಗೆ ದಬ್ಬಳದಿಂದ ಚುಚ್ಚಿ ಸಣ್ಣ ಗುಳಿ ಮಾಡಿ, ಇಲ್ಲಾಂದ್ರೆ ಮರದ ಗಟ್ಟಿ ಎಳೆ ಮೊನೆಯನ್ನು ಪಕ್ಕಕ್ಕೆ ತಳ್ತದೆ.

ಸಿಬಿರು:
ಮುರಿದ ತುಂಡು ಮರದೊಳಗೇ ಉಳಿದರೆ?

ಎಸ್‌ಪಿ_ರೋಡ್_ಗಿರಾಕಿ:
ಕೀಳೋಕೆ ಹೋಗಬೇಡಿ. ಬಿಸಾಡೋ ಭಾಗದಲ್ಲಿ ತಾನೆ ಇರೋದು, 5 ಮಿಮೀ ಪಕ್ಕಕ್ಕೆ ಇನ್ನೊಂದು ತೂತು ಹಾಕಿ. ಮುರಿದ ಜಾಗದ ಸುತ್ತ ಪೆನ್ಸಿಲ್‌ನಲ್ಲಿ ದಪ್ಪಗೆ ಗುರುತು ಮಾಡಿ. ಬ್ಲೇಡು ಅದನ್ನ ಮುಟ್ಟಿದರೆ ಹಲ್ಲು ಅಲ್ಲೇ ಉದುರುತ್ತೆ.

ಉಜ್ಜುಗೊರಡು_ಧಾರವಾಡ:
ಗೆರೀಗೆ ಹತ್ತಿ ಮುರಿದಿದ್ರ ಅದು ನಡ್ಯಂಗಿಲ್ಲ. ಹಿಂಬದಿ ಕಡಿಂದ ಅದ ಜಾಗಕ್ಕ 2 ಮಿಮೀ ಬಿಟ್ಟು ನಿಧಾನ ಇಳಸ್ರಿ. ತುಂಡು ತಗಲೂದ್ರಾಗ ನಿಲ್ಲಸ್ರಿ, ಸಣ್ಣ ಮೊಳಿ ಇಟ್ಟು ಮುಂದಿನ ಕಡೀಗೆ ತಟ್ರಿ, ಹೊರಗ ಬರ್ತೈತಿ. ಕಾರ್ಬೈಡ್ ಆದ್ರ ತಟ್ಟಿದ್ರ ಪುಡಿ ಆಗ್ತೈತಿ, ಇಕ್ಕಳ ಬೇಕು.